ಇಪ್ಪತ್ತರ ಹುಡುಗನಿಗೆ ನೂರ ಅರವತ್ತು ಕುದುರೆ

ಭಾನುವಾರ ಬೆಳಿಗ್ಗೆ ಐದೂಮುಕ್ಕಾಲು. ಹೆಬ್ಬಾಳ ಫ್ಲೈಓವರ್ ದಾಟಿ ಬಳ್ಳಾರಿ ರಸ್ತೆಯಲ್ಲಿ ಹೋಗುತ್ತಿದ್ದೆವು. ಓಡಿಸುತ್ತಿದ್ದವನು ನನ್ನ ಅಕ್ಕನ ಮಗ. ವಯಸ್ಸು 20, ಡಿಎಲ್ ಕೈಗೆ ಬಂದು ಏಳು ತಿಂಗಳು. ಕಾರು ಸೆಕೆಂಡ್ ಹ್ಯಾಂಡ್, 160 ಪಿಎಸ್‌ನ (ಅಂದರೆ 160 ಕುದುರೆಯ ಬಲದ) ಟರ್ಬೊ ಸೆಡಾನ್. ಟರ್ಬೊ ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳಿ, ಸಣ್ಣ ಎಂಜಿನ್ನಿಂದಲೇ ಹೆಚ್ಚು ಬಲ ತೆಗೆಯುವ ಸಾಧನ. ಅಡ್ವಾನ್ಸ್ ಕೊಡುವ ಮೊದಲು ಒಂದು ರೌಂಡ್ ಹೋಗಿ ಬಾ ಅಂತ ಅಕ್ಕ ನನ್ನನ್ನು ಜೊತೆಗೆ ಕಳಿಸಿದ್ದಳು.

"ಮಾಮ, ಈಗ ಪಿಕಪ್ ನೋಡು" ಅಂದ.

ಬೆನ್ನು ಸೀಟಿಗೆ ಒತ್ತಿತು. ಮೀಟರಿನಲ್ಲಿ 60 ಇದ್ದದ್ದು, ನಾನು "ಸಾಕು ಕಣೋ" ಅನ್ನುವಷ್ಟರಲ್ಲಿ 100 ಆಗಿತ್ತು. 80 ದಾಟಿದಾಗ ಬರುವ ಬೀಪ್ ಬಂತು, ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಷ್ಟರಲ್ಲಿ ಸರ್ವಿಸ್ ರೋಡಿನಿಂದ ಟೆಂಪೊ ಒಂದು ಮೈನ್ ರೋಡಿಗೆ ನುಗ್ಗಿತು. ಖಾಲಿ ಟೊಮೆಟೊ ಕ್ರೇಟು ತುಂಬಿತ್ತು, ಹಿಂದಿನ ದೀಪ ಉರಿಯುತ್ತಿರಲಿಲ್ಲ. ಹುಡುಗ ಬ್ರೇಕ್ ತುಳಿದ. ಪೆಡಲ್ ಅವನ ಕಾಲ ಕೆಳಗೆ ಗಡಗಡ ಅಂತ ನಡುಗಿತು. ಅವನು ಬೆಚ್ಚಿಬಿದ್ದು ಕಾಲು ತೆಗೆದುಬಿಟ್ಟ. "ಒತ್ತು, ಒತ್ತು, ಬಿಡಬೇಡ!" ಅಂತ ಕಿರುಚಿದೆ. ಮತ್ತೆ ಒತ್ತಿದ. ಟೆಂಪೊದ ಹಿಂದಿನ ಹಲಗೆಗೆ ಒಂದು ಮಾರು ದೂರದಲ್ಲಿ ನಿಂತೆವು.

ಸ್ವಲ್ಪ ಹೊತ್ತಾದ ಮೇಲೆ ಅವನು ಮೆಲ್ಲಗೆ ಹೇಳಿದ: "ಬ್ರೇಕ್ ಏನೋ ಹೋಗಿದೆ ಅನ್ಸತ್ತೆ ಮಾಮ. ಹೇಗೆ ಅದುರಿತು ನೋಡು."

ಬ್ರೇಕ್‌ಗೆ ಏನೂ ಆಗಿರಲಿಲ್ಲ. ಅದು ಎಬಿಎಸ್. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ, ಒಂದು ಸೆಕೆಂಡಿನಲ್ಲಿ ಎಷ್ಟೋ ಸಲ ಬ್ರೇಕನ್ನು ಬಿಟ್ಟು ಹಿಡಿಯುವ ವ್ಯವಸ್ಥೆ. ಆಗ ಪೆಡಲ್ ಅದುರಲೇಬೇಕು. ನಮ್ಮಲ್ಲಿ 2019ರ ಏಪ್ರಿಲ್‌ನಿಂದ ಮಾರಾಟವಾಗುವ ಎಲ್ಲ ಹೊಸ ಕಾರಲ್ಲೂ ಅದು ಕಡ್ಡಾಯ. ಡಿಎಲ್ ಇರುವ ಆ ಹುಡುಗನಿಗೆ ಅದು ಕಾಲಿಗೆ ಹೇಗೆ ತಾಗುತ್ತೆ ಅಂತ ಯಾರೂ ತೋರಿಸಿರಲಿಲ್ಲ. ಡ್ರೈವಿಂಗ್ ಸ್ಕೂಲಿನವರು ಕಲಿಸಿರಲಿಲ್ಲ, ಆರ್‌ಟಿಒದಲ್ಲಿ ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಹೇಳಿರಲಿಲ್ಲ.

ಹೊಸದಾಗಿ ಕಲಿತ ಹುಡುಗರ ಕೈಗೆ ಜೋರು ಕಾರು ಕೊಡಬೇಕಾ ಅನ್ನುವ ಮಾತು ಬಂದಾಗಲೆಲ್ಲ ಚರ್ಚೆ ಬೇಗ "ದುಡ್ಡಿನ ಮದ" ಅನ್ನುವ ಕಡೆ ಹೋಗುತ್ತದೆ. ನನ್ನ ಅಕ್ಕನ ಮನೆಯಲ್ಲಿ ಮದ ಬರುವಷ್ಟು ದುಡ್ಡಿಲ್ಲ. ಭಾವ ಬ್ಯಾಂಕಿನಲ್ಲಿದ್ದಾರೆ. ಹುಡುಗ ಒಳ್ಳೆಯವನು, ಕುಡಿಯುವುದಿಲ್ಲ, ಸಿಗ್ನಲ್ ಹಾರಿಸುವುದಿಲ್ಲ. ಆದರೂ ಒಂದು ಮಾರು ದೂರದಲ್ಲಿ ಬಚಾವಾದೆವು. ಮೊದಲ ಎರಡು ಮೂರು ವರ್ಷ ಇಂಥ ಕಾರು ಅವನ ಹೆಸರಿನಲ್ಲಿ ಇರಬಾರದು ಅನ್ನುವುದು ಈಗ ನನ್ನ ಗಟ್ಟಿ ಅಭಿಪ್ರಾಯ. ಅವನ ಗುಣ ಕೆಟ್ಟದ್ದು ಅಂತಲ್ಲ. ಕಾರಿನ ಬಲ ಬೆಳೆದಷ್ಟು ನಮ್ಮ ಕಲಿಕೆ, ನಮ್ಮ ಲೈಸೆನ್ಸ್ ಬೆಳೆದಿಲ್ಲ.

ಲೈಸೆನ್ಸನ್ನೇ ನೋಡಿ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ 18 ತುಂಬಿದರೆ ಕಾರು ಓಡಿಸಬಹುದು. ಕಾರೆಲ್ಲ 'ಲಘು ಮೋಟಾರು ವಾಹನ', ಅಂದರೆ ಎಲ್‌ಎಂವಿ. ಖಾಲಿ ತೂಕ 7,500 ಕಿಲೋ ಮೀರದ ಗಾಡಿ ಎಲ್ಲ ಅದರೊಳಗೇ ಬರುತ್ತದೆ. ಆಲ್ಟೊಗೂ ಅದೇ, ಲ್ಯಾಂಬೊರ್ಗಿನಿಗೂ ಅದೇ. ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಮಾಡಿಸಿ 30 ದಿನ ಕಳೆದರೆ ಪಕ್ಕಾ ಡಿಎಲ್‌ಗೆ ಅರ್ಜಿ ಹಾಕಬಹುದು. ಆ ನಡುವೆ ಡ್ರೈವಿಂಗ್ ಸ್ಕೂಲಿನ ಸಣ್ಣ ಕಾರಿನಲ್ಲಿ ಅರ್ಧರ್ಧ ಗಂಟೆಯ ಹದಿನೈದಿಪ್ಪತ್ತು ಕ್ಲಾಸ್. ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲ ಕೆಳಗೆ ಇನ್ನೊಂದು ಕ್ಲಚ್ಚು, ಇನ್ನೊಂದು ಬ್ರೇಕು. ಬಡಾವಣೆಯ ರಸ್ತೆಯಲ್ಲಿ ಮೂರನೇ ಗೇರು ಬಿದ್ದರೆ ಅದೇ ದೊಡ್ಡದು. ಕೊನೆಗೆ ಟ್ರ್ಯಾಕಿನಲ್ಲಿ ಎಂಟು ಹಾಕುವುದು, ರಿವರ್ಸ್ ತೆಗೆಯುವುದು, ಏರಿನಲ್ಲಿ ಹಿಂದಕ್ಕೆ ಜಾರದೆ ಎತ್ತುವುದು. ಇವೆಲ್ಲ ಬೇಕಾದ್ದೇ, ಬೇಡ ಅನ್ನುತ್ತಿಲ್ಲ. ಆದರೆ ಇದರಲ್ಲಿ ವೇಗದ ಪಾಠ ಎಲ್ಲಿದೆ? 80ರಲ್ಲಿ ಹೋಗುವಾಗ ಎಷ್ಟು ದೂರ ನೋಡಬೇಕು, ಮಳೆ ನೀರು ನಿಂತ ರಸ್ತೆಯಲ್ಲಿ ಸ್ಟೇರಿಂಗ್ ಹಗುರಾದರೆ ಏನು ಮಾಡಬೇಕು, ಇದ್ಯಾವುದನ್ನೂ ಮುಟ್ಟದೆ ಪಾಸಾಗಬಹುದು.

ಬೈಕಿನಲ್ಲಂತೂ ಇನ್ನೂ ವಿಚಿತ್ರ. ಅಲ್ಲಿ ಗೇರ್ ಇರುವುದು, ಗೇರ್ ಇಲ್ಲದ್ದು ಅಂತ ಎರಡೇ ಭಾಗ. 8 ಪಿಎಸ್‌ನ ಸ್ಪ್ಲೆಂಡರ್‌ಗೆ ಸಿಗುವ ಲೈಸೆನ್ಸಿನಲ್ಲೇ 200 ಪಿಎಸ್‌ನ ಸಾವಿರ ಸಿಸಿ ಬೈಕನ್ನೂ ಓಡಿಸಬಹುದು. ಯುರೋಪಿನಲ್ಲಿ ಬೈಕಿಗೆ ಮೂರು ಮೆಟ್ಟಿಲು: ಮೊದಲು 11 ಕಿಲೋವ್ಯಾಟ್ (ಸುಮಾರು 15 ಪಿಎಸ್) ತನಕ, ಆಮೇಲೆ 35 ತನಕ, ಅದು ದಾಟಿದ ಮೇಲೆ ಯಾವುದಾದರೂ ಸರಿ.

ಇನ್ನು ಪಿಕಪ್ ವಿಷಯ. ಜೋರು ಕಾರು ಅಂದರೆ 250ರಲ್ಲಿ ಓಡುವ ಕಾರು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ 250ಕ್ಕೆ ಜಾಗ ಎಲ್ಲಿದೆ? ಇಲ್ಲಿನ ಅಪಾಯ 60ರಿಂದ 100ಕ್ಕೆ ಎಷ್ಟು ಬೇಗ ಮುಟ್ಟುತ್ತದೆ ಅನ್ನುವುದರಲ್ಲಿದೆ. ಸಿಲ್ಕ್ ಬೋರ್ಡಿನಲ್ಲಿ ಮುಕ್ಕಾಲು ಗಂಟೆ ಒದ್ದಾಡಿ ಬಂದವನಿಗೆ ಮುಂದೆ ಅರ್ಧ ಕಿಲೋಮೀಟರ್ ಖಾಲಿ ಸಿಗುತ್ತದೆ. ಹಳೆಯ ಮಾರುತಿ 800ರಲ್ಲಿ ಆ ಅರ್ಧ ಕಿಲೋಮೀಟರಿನಲ್ಲಿ ಮನಸ್ಸು ಬದಲಾಯಿಸಲು ಸಮಯ ಇರುತ್ತಿತ್ತು. ಎಂಜಿನ್ ಕೂಗುತ್ತಿತ್ತು, ಬಾಗಿಲು ಅದುರುತ್ತಿತ್ತು, ಕಾರೇ ಬೇಡ ಅನ್ನುತ್ತಿತ್ತು. ಈಗಿನ ಟರ್ಬೊ ಕಾರು ಸದ್ದಿಲ್ಲದೆ ನೂರಕ್ಕೆ ಹೋಗುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಗೇರೂ ಇಲ್ಲ, ಶಬ್ದವೂ ಇಲ್ಲ, ಕಾಲಿಟ್ಟ ಕ್ಷಣಕ್ಕೆ ಪೂರ್ತಿ ಎಳೆತ ಸಿಗುತ್ತದೆ. ಹುಡುಗನಿಗೆ ತಾನು ಜೋರಾಗಿ ಹೋಗುತ್ತಿದ್ದೇನೆ ಅಂತ ಅನ್ನಿಸುವುದೇ ಇಲ್ಲ.

ಒಂದು ಲೆಕ್ಕ ಮಾಡೋಣ. ರಸ್ತೆ ಒಣಗಿದೆ, ಟೈರ್ ಚೆನ್ನಾಗಿದೆ, ಕಂಡದ್ದು ತಲೆಗೆ ಹೋಗಿ ಕಾಲು ಬ್ರೇಕಿಗೆ ಬರಲು ಒಂದೂವರೆ ಸೆಕೆಂಡ್ ಬೇಕು ಅಂತಿಟ್ಟುಕೊಳ್ಳಿ. 60ರಲ್ಲಿ ಹೋಗುವ ಕಾರು ಆ ಒಂದೂವರೆ ಸೆಕೆಂಡಿನಲ್ಲಿ 25 ಮೀಟರ್ ಹೋಗುತ್ತದೆ. ಬ್ರೇಕ್ ಹಿಡಿದ ಮೇಲೆ ಇನ್ನೊಂದು 20 ಮೀಟರ್. ಒಟ್ಟು 45 ಮೀಟರಿನಲ್ಲಿ ನಿಲ್ಲುತ್ತದೆ. ಅದೇ ಜಾಗದಲ್ಲಿ, ಅದೇ ಹುಡುಗ, 100ರಲ್ಲಿ ಇದ್ದಾನೆ ಅನ್ನಿ. ಕಾಲು ಬ್ರೇಕಿಗೆ ಬರುವಷ್ಟರಲ್ಲೇ 42 ಮೀಟರ್ ಮುಗಿದಿರುತ್ತದೆ. 60ರ ಕಾರು ಪೂರ್ತಿ ನಿಂತ ಜಾಗದಲ್ಲಿ ಈ ಕಾರು ಇನ್ನೂ 95ಕ್ಕಿಂತ ಜಾಸ್ತಿ ವೇಗದಲ್ಲಿರುತ್ತದೆ. ಅಂದರೆ ಬ್ರೇಕ್ ಹಾಕಿಯೂ ಹಾಕದ ಹಾಗೇ. ಆ ಜಾಗದಲ್ಲಿ ಒಬ್ಬ ಅಜ್ಜಿ ರಸ್ತೆ ದಾಟುತ್ತಿದ್ದರೆ? ಈ ಲೆಕ್ಕವನ್ನು ನಾನು ಹಾಳೆಯ ಮೇಲೆ ಬರೆದು ಅವನ ಮುಂದಿಟ್ಟೆ. ಎರಡು ಸಲ ಕೂಡಿಸಿ ನೋಡಿದ.

ಒಂದೂವರೆ ಸೆಕೆಂಡ್ ಅನ್ನುವುದೂ ಎಲ್ಲರಿಗೂ ಒಂದೇ ಅಲ್ಲ. ಹತ್ತು ವರ್ಷ ಓಡಿಸಿದವರು ಟೆಂಪೊ ರಸ್ತೆಗೆ ಬಂದ ಮೇಲೆ ನೋಡುವುದಿಲ್ಲ. ಸರ್ವಿಸ್ ರೋಡಿನಲ್ಲಿ ಅದರ ಮುಂದಿನ ಚಕ್ರ ತಿರುಗಿದ್ದನ್ನೇ ನೋಡಿರುತ್ತಾರೆ. ನಿಂತ ಬಿಎಂಟಿಸಿ ಬಸ್ಸಿನ ಮುಂದಿನಿಂದ ಯಾರಾದರೂ ಇಳಿದು ಬರುತ್ತಾರೆ ಅಂತ ಮೊದಲೇ ಕಾಲು ಎತ್ತಿರುತ್ತಾರೆ. ಹೊಸಬರ ಕಣ್ಣು ಬಾನೆಟ್ ಹತ್ತಿರವೇ ಸುತ್ತುತ್ತಿರುತ್ತದೆ. ಪುಸ್ತಕ ಓದಿ ಇದು ಬರುವುದಿಲ್ಲ. ಸಾವಿರಾರು ಕಿಲೋಮೀಟರ್ ಓಡಿಸಿಯೇ ಬರಬೇಕು, ನಿಧಾನದ ಗಾಡಿಯಲ್ಲಿ ಬಂದರೆ ತಪ್ಪು ಮಾಡಿದರೂ ತಿದ್ದಿಕೊಳ್ಳಲು ಜಾಗ ಇರುತ್ತದೆ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಕೇಂದ್ರ ಸಾರಿಗೆ ಸಚಿವಾಲಯವೇ ಕೊಟ್ಟ ಲೆಕ್ಕ ಇದು. ಅದರಲ್ಲಿ ಶೇ. 70ಕ್ಕಿಂತ ಹೆಚ್ಚು ಸಾವಿಗೆ ಅತಿವೇಗ ಕಾರಣ ಅಂತ ದಾಖಲಾಗಿದೆ. ಸತ್ತವರಲ್ಲಿ ಹತ್ತಿರ ಹತ್ತಿರ 33 ಸಾವಿರ ಜನ ನಡೆದು ಹೋಗುತ್ತಿದ್ದವರು. ಕಾರಿನೊಳಗಿನ ಏರ್‌ಬ್ಯಾಗ್ ಅವರಿಗೆ ಏನೂ ಮಾಡುವುದಿಲ್ಲ. "ಆರು ಏರ್‌ಬ್ಯಾಗ್ ಇದೆ ಮಾಮ, ಸೇಫ್ ಕಾರು" ಅಂತ ಹುಡುಗ ವಾದ ಮಾಡಿದಾಗ ನನಗೆ ಹೇಳಬೇಕು ಅನ್ನಿಸಿದ್ದು ಇದೇ: ಯಾರಿಗೆ ಸೇಫ್?

ಬೆಂಗಳೂರಿನವರು 2021ರ ಆಗಸ್ಟ್ 31ನ್ನು ಮರೆತಿರಲಾರರು. ಕೋರಮಂಗಲದಲ್ಲಿ ನಡುರಾತ್ರಿ ಮೀರಿದ ಹೊತ್ತು. ಕೋವಿಡ್ ಕಾಲ, ರಾತ್ರಿ ಕರ್ಫ್ಯೂ ಇತ್ತು, ರಸ್ತೆ ಖಾಲಿ. ಐದು ಸೀಟಿನ ಆಡಿ ಕ್ಯೂ3ಯಲ್ಲಿ ಏಳು ಜನ ಇದ್ದರು, ಎಲ್ಲ ಇಪ್ಪತ್ತು ದಾಟಿದ, ಮೂವತ್ತರೊಳಗಿನ ಹುಡುಗ ಹುಡುಗಿಯರು. ಕಾರು ಫುಟ್‌ಪಾತಿಗೆ ಹತ್ತಿ ಬಡಿಯಿತು. ಏಳೂ ಜನ ಹೋದರು. ಯಾರೂ ಸೀಟ್ ಬೆಲ್ಟ್ ಹಾಕಿರಲಿಲ್ಲ ಅಂತ ಪೊಲೀಸರು ಹೇಳಿದರು. ಮರುದಿನ ಟಿವಿಯಲ್ಲಿ ಆ ಕಾರಿನ ಮುಂಭಾಗ ನೋಡಿ ಎಷ್ಟು ಮನೆಯಲ್ಲಿ ಅಪ್ಪ ಅಮ್ಮ ಮಾತು ನಿಲ್ಲಿಸಿರಬಹುದು.

ನನ್ನ ವಾದಕ್ಕೆ ಈ ಘಟನೆ ಪೂರ್ತಿ ಹೊಂದುವುದಿಲ್ಲ ಅನ್ನುವುದನ್ನೂ ಹೇಳಬೇಕು. ಕ್ಯೂ3 ರೇಸ್ ಕಾರೇನಲ್ಲ, ಮನೆಮಂದಿ ಓಡಾಡುವ ಎಸ್‌ಯುವಿ. ರಾತ್ರಿ, ಖಾಲಿ ರಸ್ತೆ, ತುಂಬಿದ ಗಾಡಿ, ಬೆಲ್ಟ್ ಇಲ್ಲ: ಇಷ್ಟು ಸೇರಿದರೆ ಯಾವ ಕಾರಾದರೂ ಸಾಕು. ಬಲ ಅನ್ನುವುದು ಇವುಗಳ ಜೊತೆ ಸೇರುವ ಇನ್ನೊಂದು ಅಪಾಯ. ಉಳಿದವನ್ನು ಬಿಟ್ಟು ಬಲವನ್ನೊಂದೇ ಕಟ್ಟಿಹಾಕಿದರೆ ಪ್ರಯೋಜನ ಕಮ್ಮಿ. ಹೊರದೇಶದವರು ಇದನ್ನು ಸರಿಯಾಗಿ ಹಿಡಿದಿದ್ದಾರೆ, ಆ ಮಾತಿಗೆ ಆಮೇಲೆ ಬರುತ್ತೇನೆ.

2024ರ ಮೇ 19ರ ಪುಣೆ ಘಟನೆ ಬೇರೆ ಥರದ್ದು. ಕಲ್ಯಾಣಿ ನಗರದಲ್ಲಿ 17 ವರ್ಷದ ಹುಡುಗ ಓಡಿಸುತ್ತಿದ್ದ ಪೋರ್ಷೆ ಟೈಕಾನ್ ಕಾರು ಗುದ್ದಿ ಬೈಕಿನಲ್ಲಿದ್ದ ಇಬ್ಬರು ಸಾಫ್ಟ್‌ವೇರ್ ಎಂಜಿನಿಯರ್‌ಗಳು ಸತ್ತರು. 300 ಪದದ ಪ್ರಬಂಧ ಬರೆ ಅಂತ ಹೇಳಿ ಜಾಮೀನು ಕೊಟ್ಟಿದ್ದು ಎಲ್ಲರಿಗೂ ನೆನಪಿದೆ. ಆ ಕಾರು ಅಲ್ಲಿಗೆ ಹೋಗಿದ್ದು ಬೆಂಗಳೂರಿನ ಡೀಲರ್ ಕಡೆಯಿಂದ, ತಾತ್ಕಾಲಿಕ ನೋಂದಣಿಯಲ್ಲಿ. ಕೋಟಿ ಮೀರಿದ ಕಾರಿಗೆ 1,758 ರೂಪಾಯಿ ಶುಲ್ಕ ಕಟ್ಟದೆ ಪಕ್ಕಾ ನೋಂದಣಿ ಬಾಕಿ ಉಳಿದಿತ್ತು. 18 ತುಂಬದವರ ವಿಷಯದಲ್ಲಿ ಕಾನೂನು ಗಟ್ಟಿಯಾಗೇ ಇದೆ. 2019ರ ತಿದ್ದುಪಡಿಯಲ್ಲಿ ಬಂದ 199ಎ ಕಲಂ ಪ್ರಕಾರ ಗಾಡಿ ಕೊಟ್ಟ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದ ತನಕ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ವರ್ಷ ಆಗುವ ತನಕ ಡಿಎಲ್ ಇಲ್ಲ. ಆದರೆ 18 ತುಂಬಿ ಡಿಎಲ್ ಕೈಗೆ ಬಂದರೆ ಯಾವ ಕಾರು ಅಂತ ಕೇಳುವವರೇ ಇಲ್ಲ. ಮನೆಯವರ ಜವಾಬ್ದಾರಿಯೂ ಅಲ್ಲಿಗೇ ಮುಗಿಯಿತು ಅನ್ನುವ ಹಾಗೆ.

ಬೇರೆ ಕಡೆ ಹೇಗೆ? ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 25ರೊಳಗಿನವರು ಎಲ್ ಬೋರ್ಡಿನಲ್ಲಿ 120 ಗಂಟೆ ಓಡಿಸಿ ಲೆಕ್ಕದ ಪುಸ್ತಕದಲ್ಲಿ ಬರೆದಿಡಬೇಕು. ಆಮೇಲೆ ಹೊಸದಾಗಿ ಪಾಸಾದವರಿಗೆ ಕೆಂಪು 'ಪಿ' ಬೋರ್ಡು: 90 ದಾಟುವಂತಿಲ್ಲ, ಒಂದು ತೊಟ್ಟೂ ಕುಡಿಯುವಂತಿಲ್ಲ. ರಾತ್ರಿ 11ರಿಂದ ಬೆಳಗಿನ 5ರ ತನಕ 21ರ ಕೆಳಗಿನ ಗೆಳೆಯರನ್ನು ಒಬ್ಬರಿಗಿಂತ ಹೆಚ್ಚು ಕೂರಿಸಿಕೊಳ್ಳುವಂತಿಲ್ಲ. ಕಾರಿನ ತೂಕದ ಪ್ರತಿ ಟನ್ನಿಗೆ 130 ಕಿಲೋವ್ಯಾಟ್ ಬಲ ಮೀರಿದ ಕಾರು ಮುಟ್ಟುವಂತಿಲ್ಲ. ಕೋರಮಂಗಲದ ಆ ರಾತ್ರಿಯನ್ನು ಇದರ ಪಕ್ಕ ಇಟ್ಟು ನೋಡಿ. ರಾತ್ರಿ, ಗೆಳೆಯರು, ವೇಗ, ಎಲ್ಲದಕ್ಕೂ ಒಂದೊಂದು ಗಂಟು ಹಾಕಿದ್ದಾರೆ.

ಇಟಲಿಯಲ್ಲಿ ಮೊದಲ 3 ವರ್ಷ ಟನ್ನಿಗೆ 75 ಕಿಲೋವ್ಯಾಟ್, ಒಟ್ಟು 105 ಕಿಲೋವ್ಯಾಟ್ ಮೀರುವಂತಿಲ್ಲ. 2024ರ ಕೊನೆಯಲ್ಲಿ ಸಡಿಲ ಮಾಡಿದ ಮೇಲಿನ ಮಿತಿ ಇದು. ನಮ್ಮ ಹುಡುಗ ನೋಡಿದ 160 ಪಿಎಸ್ ಕಾರು ಅಂದರೆ ಸುಮಾರು 118 ಕಿಲೋವ್ಯಾಟ್. ಇಟಲಿಯಲ್ಲಾಗಿದ್ದರೆ 20ರ ಹೊಸಬ ಅದನ್ನು ಓಡಿಸುವಂತೆಯೇ ಇರಲಿಲ್ಲ. ದಕ್ಷಿಣ ಆಸ್ಟ್ರೇಲಿಯಾದಲ್ಲಿ 2024ರ ಡಿಸೆಂಬರ್‌ನಿಂದ ಟನ್ನಿಗೆ 276 ಕಿಲೋವ್ಯಾಟ್ ಮುಟ್ಟಿದ ಕಾರುಗಳಿಗೆ 'ಯು' ಅನ್ನುವ ಬೇರೆ ಲೈಸೆನ್ಸೇ ಬೇಕು. ಎಷ್ಟೇ ವಯಸ್ಸಾಗಿರಲಿ.

"ಅದೆಲ್ಲ ಕೋಟ್ಯಧೀಶರ ಕಾರಿಗೆ, ನಮಗ್ಯಾಕೆ" ಅನ್ನುವ ಮಾತು ಈಗ ನಡೆಯುವುದಿಲ್ಲ. 2024ರ ನವೆಂಬರ್‌ನಲ್ಲಿ ಬಂದ ಮಹೀಂದ್ರಾ ಬಿಇ 6 ಎಲೆಕ್ಟ್ರಿಕ್ ಕಾರಿನ ದೊಡ್ಡ ಬ್ಯಾಟರಿ ಮಾಡೆಲ್ ತೆಗೆದುಕೊಳ್ಳಿ. 210 ಕಿಲೋವ್ಯಾಟ್ ಬಲ, 0ಯಿಂದ 100ಕ್ಕೆ 6.7 ಸೆಕೆಂಡ್ ಅಂತ ಕಂಪನಿಯೇ ಹೇಳುತ್ತದೆ. ಒಳ್ಳೆಯ ಕಾರು. ಇಪ್ಪತ್ತು ವರ್ಷದ ಹಿಂದೆ ಇಂಥ ಪಿಕಪ್ ಬೇಕಾಗಿದ್ದರೆ ಜರ್ಮನಿಯಿಂದ ತರಿಸಬೇಕಿತ್ತು. ಈಗ ಇಬ್ಬರೂ ದುಡಿಯುವ ಮನೆಯವರು ಸಾಲ ಮಾಡಿ ತರಬಹುದು. ತರಲಿ. ಆದರೆ ಅದರ ಕೀ ಮನೆಯ ಗೋಡೆಯ ಮೊಳೆಗೆ ನೇತುಹಾಕಿರುತ್ತದೆ, ಎಂಟು ಹಾಕಿ ಪಾಸಾದ ಮಗನ ಕೈಗೆ ಎಟುಕುವ ಹಾಗೆ.

ನಮ್ಮ ಸರ್ಕಾರಕ್ಕೆ ಕಾರಿನ ಬಲ ಗೊತ್ತಿಲ್ಲ ಅಂತಲ್ಲ. ಕರ್ನಾಟಕದಲ್ಲಿ ರೋಡ್ ಟ್ಯಾಕ್ಸ್ ಬೆಲೆಯ ಮೇಲೆ ಏರುತ್ತದೆ, 20 ಲಕ್ಷ ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ ಶೇ. 18. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಸಿಸಿ, ಅಂದರೆ ಎಂಜಿನ್ ಗಾತ್ರದ ಮೇಲೆ. 2022ರಲ್ಲಿ ನಿಗದಿಯಾದ ದರದಲ್ಲಿ 1,000 ಸಿಸಿ ತನಕ 2,094 ರೂಪಾಯಿ, 1,500 ಸಿಸಿ ದಾಟಿದರೆ 7,897. ಎಲೆಕ್ಟ್ರಿಕ್ ಕಾರಿಗೆ ಕಿಲೋವ್ಯಾಟ್ ಲೆಕ್ಕದಲ್ಲೇ ಮೂರು ಹಂತ ಮಾಡಿದ್ದಾರೆ. ಅಂದರೆ ಬಲ ಅಳೆಯುವ ಪದ್ಧತಿ ಆಗಲೇ ಇದೆ. ಆದರೆ ಟರ್ಬೊ ಬಂದ ಮೇಲೆ ಸಿಸಿಗೆ ಅರ್ಥ ಉಳಿದಿಲ್ಲ: 998 ಸಿಸಿ ಆಲ್ಟೊ ಕೆ10 ಮತ್ತು 115 ಪಿಎಸ್ ಕೊಡುವ 999 ಸಿಸಿ ಟರ್ಬೊ ಕುಶಾಕ್, ಎರಡಕ್ಕೂ ಒಂದೇ ದರ. ಓಡಿಸುವವನ ವಯಸ್ಸು, ಅನುಭವ ಈ ದರದಲ್ಲಿ ಎಲ್ಲೂ ಬರುವುದಿಲ್ಲ. ಬ್ರಿಟನ್ನಿನಲ್ಲಿ ಹೊಸ ಹುಡುಗನೊಬ್ಬ ಜೋರು ಕಾರಿಗೆ ಇನ್ಶೂರೆನ್ಸ್ ಕೇಳಿದರೆ ಹೇಳುವ ಮೊತ್ತಕ್ಕೇ ಎಷ್ಟೋ ಜನ ಸುಮ್ನೆ ಸಣ್ಣ ಕಾರಿಗೆ ಬರುತ್ತಾರೆ. ಅಲ್ಲಿ ಪೊಲೀಸರಿಗಿಂತ ಮೊದಲು ಪ್ರೀಮಿಯಮ್ಮೇ ಬೇಡ ಅನ್ನುತ್ತದೆ. ನಮ್ಮಲ್ಲೂ 2022ರಿಂದ, ಎಷ್ಟು ಓಡಿಸುತ್ತೀರಿ, ಹೇಗೆ ಓಡಿಸುತ್ತೀರಿ ಅನ್ನುವುದರ ಮೇಲೆ ಪ್ರೀಮಿಯಂ ಹಾಕಲು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ದಾರಿ ಬಿಟ್ಟಿದೆ. ಹೊಸಬರಿಗೆ ಅದನ್ನು ಕಡ್ಡಾಯ ಮಾಡಿದರೆ ಏನು ಕಷ್ಟ?

ನನ್ನ ಕಾರು ಹುಚ್ಚಿನ ಗೆಳೆಯರು ಕೇಳುವ ಪ್ರಶ್ನೆ ಇನ್ನೊಂದು. ಪೊಲೀಸರು ವೇಗ ಹಿಡಿದರೆ ಸಾಕಲ್ವಾ, ಕಾರಿನ ಮೇಲೆ ಯಾಕೆ ಕಣ್ಣು? ಅರ್ಧ ನಿಜ. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ದಾಟಿದರೆ ಎಫ್‌ಐಆರ್ ಹಾಕುವ ನಿಯಮ ಬಂತು. ಮೈಸೂರು ಹೆದ್ದಾರಿಯಲ್ಲಿ ಕ್ಯಾಮೆರಾ ಕೂತ ಮೇಲೆ ಜನ ನಿಧಾನವಾಗಿದ್ದನ್ನು ನಾನೇ ಕಂಡಿದ್ದೇನೆ. ಆದರೆ ಕ್ಯಾಮೆರಾ ಇಲ್ಲದ ರಸ್ತೆಯೇ ಜಾಸ್ತಿ. ಪರಿಣತರ ಕೈಯಲ್ಲಿ ಬಲವಾದ ಕಾರು ಅಪಾಯವಲ್ಲ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಪರಿಣತಿ ಎಲ್ಲಿ ಬರಬೇಕು? ಬೆಂಗಳೂರಿನ ಹುಡುಗ ಸುರಕ್ಷಿತವಾಗಿ ವೇಗ ಕಲಿಯಬೇಕೆಂದರೆ ಶ್ರೀಪೆರಂಬುದೂರು ಹತ್ತಿರದ ರೇಸ್ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಹೋಗಬೇಕು. ಅಷ್ಟು ದೂರ ಹೋಗಲಾಗದವರು ಊರ ಹೊರಗಿನ ಟೋಲ್ ರಸ್ತೆ ನೈಸ್ ರೋಡಿಗೆ ಹೋಗುತ್ತಾರೆ. ಹೆಲ್ಮೆಟ್ ಹಾಕಿಸಿ, ಪಕ್ಕದಲ್ಲಿ ಕೂತು ಕಲಿಸುವ ಒಂದು ಜಾಗ ಈ ಊರಿಗೆ ತುಂಬಾ ಬೇಕು. ಈ ವಿಷಯದಲ್ಲಿ ನಾನು ಹುಡುಗರ ಕಡೆ.

ಕಾಯ್ದೆ ಬದಲಾಗುವುದು ದೆಹಲಿಯಲ್ಲಿ, ಅದಕ್ಕೆ ಸಮಯ ಬೇಕು. ಆರ್‌ಸಿ ಕಾರ್ಡಿನಲ್ಲಿ ಗಾಡಿಯ ಬಲ, ತೂಕ ಎರಡೂ ಇರುತ್ತವೆ. ಒಂದನ್ನು ಇನ್ನೊಂದರಿಂದ ಭಾಗಿಸಿ ಮೊದಲ 3 ವರ್ಷಕ್ಕೆ ಒಂದು ಮಿತಿ ಹಾಕುವುದು ದೊಡ್ಡ ವಿದ್ಯೆಯೇನಲ್ಲ. ಅದು ಬರುವ ತನಕ ಮನೆಯವರೇ ಆರ್‌ಟಿಒ.

ಅಕ್ಕನಿಗೆ ಆ ಕಾರು ಬೇಡ ಅಂದೆ. ಹುಡುಗ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಈಗ ಅಮ್ಮನ 1.2 ಲೀಟರ್ ಹ್ಯಾಚ್‌ಬ್ಯಾಕ್ ಓಡಿಸುತ್ತಾನೆ. ಒಂದು ನೋಟ್‌ಬುಕ್ ಇಟ್ಟಿದ್ದೇವೆ: ದಿನ, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು, ಮಳೆಯೋ ಬಿಸಿಲೋ, ಹಗಲೋ ರಾತ್ರಿಯೋ. 120 ಗಂಟೆ ಆಗಲಿ ಅಂತ ಒಪ್ಪಂದ. ಸದ್ಯಕ್ಕೆ 74 ಆಗಿದೆ. ರಾತ್ರಿ ಹತ್ತರ ಮೇಲೆ ಗೆಳೆಯರನ್ನು ಕೂರಿಸಿಕೊಳ್ಳುವ ಹಾಗಿಲ್ಲ, ಅದಕ್ಕೆ ಸ್ವಲ್ಪ ಜಗಳ ಇನ್ನೂ ನಡೆಯುತ್ತಿದೆ.

ಹೋದ ತಿಂಗಳು ಮಳೆ ನಿಂತ ಒಂದು ಬೆಳಿಗ್ಗೆ ಕೆಂಪೇಗೌಡ ಬಡಾವಣೆಗೆ ಹೋಗಿದ್ದೆವು. ರಸ್ತೆ ಹಾಕಿದ್ದಾರೆ, ಇನ್ನೂ ಮನೆಗಳಿಲ್ಲ, ಜನ ಇಲ್ಲ. ಹಿಂದೆ ಮುಂದೆ ನೋಡಿಕೊಂಡು, 40ರಲ್ಲಿ ಹೋಗಿ, ಒದ್ದೆ ರಸ್ತೆಯಲ್ಲಿ ಪೂರ್ತಿ ಬ್ರೇಕ್ ತುಳಿ ಅಂದೆ. ಮೊದಲನೇ ಸಲ ಮತ್ತೆ ಕಾಲು ತೆಗೆದ. ಎರಡನೇ ಸಲವೂ ತೆಗೆದ. ಐದನೇ ಸಲ ಪೆಡಲ್ ಗಡಗಡ ಅಂದಿತು, ಅವನ ಮೊಣಕಾಲು ನಡುಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ಕಾರು ನಿಲ್ಲುವ ತನಕ ಅವನು ಕಾಲು ಎತ್ತಲಿಲ್ಲ.